ಸೂಕ್ಷ್ಮದರ್ಶಕಕ್ಕೂ ಒಬ್ಬ ಅಬ್ಬೆ

ಪಿಎಚ್.ಡಿ. ಮಾಡಿದ ಹುಡುಗಿ ಮುಂದೆ ಏನಾಗಬೇಕು? ನಮ್ಮ ಊರುಗಳಲ್ಲಿ ಕೇಳಿ ನೋಡಿ, ಉತ್ತರ ಸಿದ್ಧವಾಗಿರುತ್ತದೆ. ಕಾಲೇಜಿನಲ್ಲಿ ಲೆಕ್ಚರರ್ ಆಗಬೇಕು, ಇಲ್ಲವೇ ಬೆಂಗಳೂರಿನ ಯಾವುದಾದರೂ ಸಂಶೋಧನಾಲಯದಲ್ಲಿ ಬಿಳಿ ಕೋಟು ತೊಟ್ಟು ಕೂರಬೇಕು. ಇವೆರಡನ್ನೂ ಬಿಟ್ಟು ಅವಳು "ಅಮ್ಮಾ, ಮೈಕ್ರೋಸ್ಕೋಪ್ ಕಂಪನಿಯಲ್ಲಿ ಕೆಲಸ ಸಿಕ್ಕಿದೆ" ಅಂದರೆ ಸಾಕು, ಅರಿಶಿನ ಕುಂಕುಮಕ್ಕೆ ಬಂದವರೆಲ್ಲ ಅಮ್ಮನ ಮುಖ ನೋಡುತ್ತಾರೆ. "ಅಯ್ಯೋ, ಅಷ್ಟೆಲ್ಲ ಓದಿಸಿ ಕೊನೆಗೆ ಮಾರಾಟಕ್ಕೆ ಕಳಿಸಿದಿರಾ?" ಎನ್ನುವ ಪ್ರಶ್ನೆ ಬಾಯಿಗೆ ಬರದಿದ್ದರೂ ಕಣ್ಣಲ್ಲಿ ಬಂದೇ ಬರುತ್ತದೆ. ಅಮ್ಮನಿಗೂ ಒಳಗೊಳಗೇ ಕಸಿವಿಸಿ. ಮಗಳು ಐದಾರು ವರ್ಷ ಕಣ್ಣು ನೋಯಿಸಿಕೊಂಡು ಓದಿದ್ದು ದಂಡವಾಯಿತೇ ಅಂತ.

ಆ ಕೆಲಸ ಏನೆಂದು ಮೊದಲು ತಿಳಿಯೋಣ. ದೊಡ್ಡ ಆಸ್ಪತ್ರೆ, ವಿಶ್ವವಿದ್ಯಾನಿಲಯ, ಔಷಧಿ ಕಾರ್ಖಾನೆಗಳು ಕೊಳ್ಳುವ ಸೂಕ್ಷ್ಮದರ್ಶಕಗಳು ನಾವು ಹೈಸ್ಕೂಲಿನಲ್ಲಿ ಈರುಳ್ಳಿ ಸಿಪ್ಪೆ ನೋಡಿದಂಥವಲ್ಲ. ಕೆಲವಕ್ಕೆ ಕೋಟಿ ರೂಪಾಯಿಯೂ ಮೀರುತ್ತದೆ. ಅಂಥದ್ದನ್ನು ತಂದಿಟ್ಟು ಬೀಗದ ಕೈ ಕೊಟ್ಟು ಹೋದರೆ ಆಗದು. ಜೀವಕೋಶ ನೋಡುವವರಿಗೆ ಹೇಗೆ ಹೊಂದಿಸಬೇಕು, ಗಿಡದ ಬೇರು ನೋಡುವವರಿಗೆ ಹೇಗೆ, ಚಿತ್ರ ಮಂಜುಮಂಜಾಗಿ ಬಂದರೆ ತಪ್ಪು ಯಂತ್ರದ್ದೋ ಸ್ಲೈಡಿನದ್ದೋ ಎಂದು ಹೇಳಿಕೊಡಲು ಒಬ್ಬರು ಬೇಕು. ಅದು ಸ್ವತಃ ಸಂಶೋಧನೆ ಮಾಡಿ ನೋವು ಉಂಡವರಿಂದಲೇ ಆಗುವ ಕೆಲಸ. ಕಂಪನಿಗಳು ಅವರನ್ನು ಅಪ್ಲಿಕೇಶನ್ ಸೈಂಟಿಸ್ಟ್, ಅಪ್ಲಿಕೇಶನ್ ಸ್ಪೆಷಲಿಸ್ಟ್ ಎಂದೆಲ್ಲ ಕರೆಯುತ್ತವೆ. ಮಾರುವವರ ಜೊತೆಗೇ ಓಡಾಡುತ್ತಾರೆ ನಿಜ. ಆದರೆ ಕೊಳ್ಳುವ ವಿಜ್ಞಾನಿಯ ಕಷ್ಟ ಬಲ್ಲವರು ಅವರೇ.

ಮೇಷ್ಟರ ಕುರ್ಚಿ ಬಿಟ್ಟು ಉಪಕರಣ ಮಾಡುವವರ ಕಡೆ ಹೋದರೆ ವಿದ್ಯೆಗೆ ಅವಮಾನವೇ? ಇದನ್ನು ಯೋಚಿಸುವಾಗಲೆಲ್ಲ ನನಗೆ ಜರ್ಮನಿಯ ಒಬ್ಬರ ನೆನಪಾಗುತ್ತದೆ. ಹೆಸರು ಎರ್ನ್ಸ್ಟ್ ಅಬ್ಬೆ. ಹೌದು, ಅಬ್ಬೆಯೇ! ಹಳಗನ್ನಡದಲ್ಲಿ ಅಬ್ಬೆ ಎಂದರೆ ತಾಯಿ, ಹವ್ಯಕರ ಮನೆಗಳಲ್ಲಿ ಇಂದಿಗೂ ಮಕ್ಕಳು ಅಮ್ಮನನ್ನು ಹಾಗೆ ಕರೆಯುವುದುಂಟು. ಜರ್ಮನ್ ಹೆಸರಿಗೂ ನಮ್ಮ ಮಾತಿಗೂ ಸಂಬಂಧವೇನಿಲ್ಲ ಬಿಡಿ. ಆದರೂ ಇವರ ಕಥೆ ಓದಿದ ಮೇಲೆ ಹೆಸರು ಚೆನ್ನಾಗಿಯೇ ಒಪ್ಪುತ್ತದೆ ಅನ್ನಿಸುತ್ತದೆ.

ಊಟದ ಪಾತ್ರೆ

ಅಬ್ಬೆ ಹುಟ್ಟಿದ್ದು 1840ರಲ್ಲಿ, ಐಸೆನಾಖ್ ಎಂಬ ಊರಿನಲ್ಲಿ. ತಂದೆಗೆ ನೂಲಿನ ಗಿರಣಿಯಲ್ಲಿ ಕೆಲಸ. ದಿನಕ್ಕೆ 14 ಗಂಟೆ, ವ್ಯಾಪಾರ ಜೋರಾಗಿದ್ದಾಗ 16 ಗಂಟೆ. ಊಟಕ್ಕೆ ಬಿಡುವು ಎಂಬುದೇ ಇಲ್ಲ. ಮನೆಯಿಂದ ಊಟದ ಪಾತ್ರೆ ಹೋಗಬೇಕು. ಐದರಿಂದ ಒಂಬತ್ತು ವರ್ಷದೊಳಗಿನ ಹುಡುಗ ಅಬ್ಬೆ ಆ ಪಾತ್ರೆಯ ಜೊತೆ ಗಿರಣಿಗೆ ಹೋಗುತ್ತಿದ್ದ. ಅಪ್ಪ ಯಂತ್ರಕ್ಕೆ ಒರಗಿಕೊಂಡೋ, ಪೆಟ್ಟಿಗೆಯ ಮೇಲೆ ಕುಕ್ಕರಿಸಿಕೊಂಡೋ ಗಬಗಬನೆ ತಿನ್ನುತ್ತಿದ್ದ. ಖಾಲಿ ಪಾತ್ರೆಯನ್ನು ಮಗನ ಕೈಗೆ ಕೊಟ್ಟು ತಕ್ಷಣ ಕೆಲಸಕ್ಕೆ ತಿರುಗುತ್ತಿದ್ದ. ಇದನ್ನು ಅಬ್ಬೆ ದೊಡ್ಡ ಮನುಷ್ಯರಾದ ಮೇಲೆ ತುಂಬಿದ ಸಭೆಯಲ್ಲಿ ತಾವೇ ಹೇಳಿಕೊಂಡರು. ಅಪ್ಪ ಆಳೆತ್ತರದ ಗಟ್ಟಿಮುಟ್ಟು ಮನುಷ್ಯ, ಆದರೆ 48ನೆಯ ವಯಸ್ಸಿಗೇ ನೋಡಲು ಮುದುಕನಂತಾಗಿದ್ದ ಎಂದೂ ಹೇಳಿದರು.

ಗಂಡನಿಗೋ ಮಗನಿಗೋ ದಿನಾ ಬುತ್ತಿ ಕಟ್ಟಿ ಕಳಿಸುವ ನಮಗೆ ಆ ಖಾಲಿ ಪಾತ್ರೆಯ ಸಂಕಟ ವಿವರಿಸಿ ಹೇಳಬೇಕಾಗಿಲ್ಲ. ಬಡಿಸಿದ್ದನ್ನು ಕೂತು ಉಣ್ಣುವಷ್ಟೂ ಹೊತ್ತಿಲ್ಲದ ದುಡಿಮೆ ಅದು.

ಹುಡುಗ ಓದಿನಲ್ಲಿ ಚುರುಕು. ಗಿರಣಿಯ ಯಜಮಾನರೇ ಓದಿಗೆ ನೆರವಾದರು. ಉಳಿದ ಖರ್ಚಿಗೆ ಬೇರೆ ಮಕ್ಕಳಿಗೆ ಮನೆಪಾಠ. ಯೇನಾದಲ್ಲೂ ಗೋಟಿಂಗೆನ್ನಿನಲ್ಲೂ ಓದಿ 1861ರಲ್ಲಿ, ಅಂದರೆ 21ನೆಯ ವಯಸ್ಸಿಗೇ, ಡಾಕ್ಟರೇಟ್ ಪಡೆದಾಯಿತು. 1863ರಿಂದ ಯೇನಾ ವಿಶ್ವವಿದ್ಯಾನಿಲಯದಲ್ಲಿ ಪಾಠ ಹೇಳಲು ಶುರುಮಾಡಿದರು. ಹುದ್ದೆಯ ಹೆಸರು ಗಂಭೀರವಾಗಿತ್ತು, ಸಂಬಳ ಮಾತ್ರ ಇಲ್ಲ! ಪಾಠ ಕೇಳಲು ಬಂದ ವಿದ್ಯಾರ್ಥಿಗಳು ಕೊಟ್ಟ ಶುಲ್ಕವೇ ಸಂಪಾದನೆ. ಗಣಿತ, ಭೌತಶಾಸ್ತ್ರ ಕೇಳಲು ಎಷ್ಟು ಜನ ಬಂದಾರು, ನೀವೇ ಹೇಳಿ.

ಕೈಯಂದಾಜಿನ ಮಸೂರ

ಅದೇ ಊರಿನಲ್ಲಿ ಕಾರ್ಲ್ ಝೈಸ್ ಎಂಬ ಕುಶಲಕರ್ಮಿ 1846ರಿಂದ ಕಾರ್ಯಾಗಾರ ಇಟ್ಟುಕೊಂಡಿದ್ದರು. ವಿಶ್ವವಿದ್ಯಾನಿಲಯಕ್ಕೆ ಬೇಕಾದ ಉಪಕರಣಗಳನ್ನು ಮಾಡಿಕೊಡುವುದು, ರಿಪೇರಿ ಮಾಡುವುದು, ಸೂಕ್ಷ್ಮದರ್ಶಕ ಮಾಡಿ ಮಾರುವುದು. ಆಗ ಸೂಕ್ಷ್ಮದರ್ಶಕ ತಯಾರಾಗುತ್ತಿದ್ದದ್ದು ಹೇಗೆ ಗೊತ್ತೇ? ಅಜ್ಜಿಯರ ಸಾರಿನ ಹಾಗೆ. ಮಸೂರ ಉಜ್ಜುವುದು, ಜೋಡಿಸುವುದು, ಕಣ್ಣಿಟ್ಟು ನೋಡುವುದು. ಸರಿ ಬರಲಿಲ್ಲವೋ, ಬಿಚ್ಚಿ ಇನ್ನೊಂದನ್ನು ಹಾಕುವುದು. ಕೈ ಪಳಗಿದವನು ಮಾಡಿದರೆ ಅದ್ಭುತ, ಆದರೆ ಮುಂದಿನದು ಹಾಗೆಯೇ ಬರುತ್ತದೆಂಬ ಭರವಸೆ ಇಲ್ಲ. ಅಳತೆ ಬರೆದಿಡದ ಅಡುಗೆಯ ಪಾಡೇ ಇದು! ಅಜ್ಜಿ ಹೋದ ಮೇಲೆ ಆ ಸಾರಿನ ರುಚಿಯೂ ಹೋಯಿತು ಎಂದು ಎಷ್ಟು ಮನೆಗಳಲ್ಲಿ ಹೇಳುವುದಿಲ್ಲ?

ಝೈಸ್‌ಗೆ ಇದು ಸಾಕಾಗಿತ್ತು. ಮೊದಲೇ ಲೆಕ್ಕ ಹಾಕಿ, ಇಂಥ ಗಾಜು, ಇಷ್ಟು ದಪ್ಪ, ಇಷ್ಟು ಬಾಗು ಎಂದು ಕಾಗದದ ಮೇಲೆ ಬರೆದು, ಆ ಪ್ರಕಾರ ಮಸೂರ ಮಾಡುವಂತಾಗಬೇಕು ಎಂಬುದು ಅವರ ಹಟ. ಸ್ವತಃ ಗಣಿತ ಬಾರದು. 1866ರಲ್ಲಿ ಅಬ್ಬೆಯನ್ನು ಹುಡುಕಿಕೊಂಡು ಬಂದರು. ಒಬ್ಬರಿಗೆ ಐವತ್ತು, ಇನ್ನೊಬ್ಬರಿಗೆ ಇಪ್ಪತ್ತಾರು ವರ್ಷ. ಒಬ್ಬರು ಅಂಗಡಿಯವರು, ಇನ್ನೊಬ್ಬರು ಪಂಡಿತರು. ಪಂಡಿತರು ಒಪ್ಪಿಕೊಂಡರು.

ಒಪ್ಪಿಕೊಂಡು ಮೊದಲು ಕಂಡದ್ದು ಸೋಲು. ವರ್ಷಗಟ್ಟಲೆ ಲೆಕ್ಕ ಹಾಕಿ ಮಾಡಿಸಿದ ಮಸೂರಗಳಲ್ಲಿ ವಸ್ತು ನೋಡಿದರೆ, ಅಂದಾಜಿನಲ್ಲಿ ಮಾಡಿದ ಹಳೆಯ ಮಸೂರಗಳಷ್ಟೂ ಚೆನ್ನಾಗಿ ಕಾಣುತ್ತಿರಲಿಲ್ಲ! ಪುಸ್ತಕದ ವಿದ್ಯೆ ಎಂದು ಕೆಲಸಗಾರರು ನಕ್ಕರೂ ನಕ್ಕಿರಬಹುದು. ಅಬ್ಬೆ ಮಾಡಿದ್ದೇನೆಂದರೆ, ಮಸೂರದ ಬಾಯಿಯನ್ನು ಕಿರಿದು ಮಾಡಿದ್ದರು. ಅಂಚಿನಿಂದ ಬರುವ ಬೆಳಕು ಚಿತ್ರವನ್ನು ಕೆಡಿಸುತ್ತದೆ ಎಂಬ ಎಣಿಕೆ. ಲೆಕ್ಕಕ್ಕೆ ಅದು ಸರಿಯೇ. ಆದರೂ ಯಾಕೆ ಹೀಗಾಯಿತು?

ಈ ಯಾಕೆ ಎಂಬುದರ ಬೆನ್ನು ಹತ್ತಿದ್ದರಿಂದಲೇ ಅಬ್ಬೆ ಹೆಸರಾದದ್ದು. ಬೆಳಕು ತೀರಾ ಸಣ್ಣ ವಸ್ತುವಿನ ಮೂಲಕ ಹಾಯ್ದಾಗ ನೇರ ಹೋಗುವುದಿಲ್ಲ, ಅಗಲವಾಗಿ ಚೆದರುತ್ತದೆ. ವಸ್ತು ಸಣ್ಣದಾದಷ್ಟೂ ಚೆದರುವುದು ಹೆಚ್ಚು. ಆ ಚೆದರಿದ ಬೆಳಕಿನಲ್ಲೇ ವಸ್ತುವಿನ ನಯವಾದ ವಿವರಗಳೆಲ್ಲ ಇರುತ್ತವೆ. ಸೂರಿನಿಂದ ಚೆಲ್ಲಾಪಿಲ್ಲಿಯಾಗಿ ಬೀಳುವ ಮಳೆನೀರಿಗೆ ಬಾಯಿ ಕಿರಿದಾದ ಚೊಂಬು ಹಿಡಿದರೆ ಏನಾಗುತ್ತದೆ? ಅರ್ಧ ಹೊರಗೇ ಚೆಲ್ಲಿಹೋಗುತ್ತದೆ. ಅಗಲ ಬಾಯಿಯ ಬೋಗುಣಿ ಇಡಬೇಕು. ಮಸೂರವೂ ಹಾಗೆಯೇ. ಇದನ್ನು ಅಬ್ಬೆ 1873ರಲ್ಲಿ ಪ್ರಕಟಿಸಿದರು. ಬೆಳಕಿನ ಅಲೆಯ ಉದ್ದದ ಅರ್ಧಕ್ಕಿಂತ ಹತ್ತಿರವಿರುವ ಎರಡು ಚುಕ್ಕೆಗಳನ್ನು, ಎಷ್ಟೇ ದೊಡ್ಡದು ಮಾಡಿದರೂ, ಮಾಮೂಲು ಸೂಕ್ಷ್ಮದರ್ಶಕ ಬೇರೆಬೇರೆಯಾಗಿ ತೋರಿಸಲಾರದು ಎಂಬುದು ಅದರ ಸಾರ. ಒಂದು ಮಿಲಿಮೀಟರನ್ನು ಐದು ಸಾವಿರ ಭಾಗ ಮಾಡಿದರೆ ಒಂದು ಭಾಗ ಎಷ್ಟೋ, ಹೆಚ್ಚುಕಡಿಮೆ ಅಷ್ಟಕ್ಕೆ ಬಂದು ನಿಲ್ಲುತ್ತದೆ. ಈ ಸೂತ್ರವನ್ನು ಯೇನಾದಲ್ಲಿ ಕಲ್ಲಿನ ಸ್ಮಾರಕದ ಮೇಲೆಯೇ ಕೆತ್ತಿಟ್ಟಿದ್ದಾರೆ.

ಗಮನಿಸಿದಿರಾ? ವಿಶ್ವವಿದ್ಯಾನಿಲಯದ ಪುಸ್ತಕಭಂಡಾರದಲ್ಲಿ ಕೂತು ಹೊಳೆದ ಸಿದ್ಧಾಂತವಲ್ಲ ಇದು. ಕಾರ್ಯಾಗಾರದಲ್ಲಿ ಕೆಟ್ಟುಹೋದ ಮಸೂರದಿಂದ ಹುಟ್ಟಿದ್ದು. 1872ರ ಹೊತ್ತಿಗೆ ಝೈಸ್ ಕಾರ್ಯಾಗಾರದ ಸೂಕ್ಷ್ಮದರ್ಶಕಗಳೆಲ್ಲ ಅಬ್ಬೆಯ ಲೆಕ್ಕದ ಪ್ರಕಾರ ತಯಾರಾಗುತ್ತಿದ್ದವು. ಅಳತೆ ಬರೆದ ಅಡುಗೆ! ಯಾರು ಮಾಡಿದರೂ ಅದೇ ರುಚಿ.

ಕ್ಷಯದ ಕ್ರಿಮಿ, ಅಡುಗೆಮನೆಯ ಜೆಲ್ಲಿ

ಅಗಲ ಬಾಯಿಯ ಮಸೂರಕ್ಕೆ ಇನ್ನೂ ಒಂದು ಅಡ್ಡಿ ಇತ್ತು. ಸ್ಲೈಡಿನ ಗಾಜಿನಿಂದ ಹೊರಬಂದ ಬೆಳಕು ಗಾಳಿಗೆ ಬೀಳುವಾಗ ಓರೆಯಾಗಿ ಜಾರಿಹೋಗುತ್ತದೆ. ನಡುವೆ ಗಾಜಿನ ಗುಣಕ್ಕೆ ಹೊಂದುವ ಒಂದು ಹನಿ ಎಣ್ಣೆ ಹಾಕಿದರೆ? ಬಜ್ಜಿ ಸುತ್ತಿದ ಕಾಗದದ ಮೇಲೆ ಎಣ್ಣೆ ಬಿದ್ದ ಜಾಗದಲ್ಲಿ ಬೆಳಕು ಹಾಯುವುದನ್ನು ನೋಡಿದ್ದೀರಲ್ಲ, ಹೆಚ್ಚುಕಡಿಮೆ ಅದೇ ಗುಟ್ಟು. ಇಂಗ್ಲೆಂಡಿನ ಸ್ಟೀವನ್‌ಸನ್ ಎಂಬವರ ಸೂಚನೆಯ ಮೇಲೆ ಅಬ್ಬೆ 1878ರಲ್ಲಿ ಇಂಥ ಎಣ್ಣೆ ಮಸೂರ ಮಾಡಿಸಿದರು. ಸೀಡಾರ್ ಮರದ ಎಣ್ಣೆ ಇದಕ್ಕೆ ಚೆನ್ನಾಗಿ ಒದಗಿತು. ಸ್ಲೈಡಿನ ಕೆಳಗಿನಿಂದ ಬೆಳಕನ್ನು ಒಟ್ಟುಗೂಡಿಸಿ ಕೊಡುವ ಕಂಡೆನ್ಸರನ್ನೂ ಅವರು ರೂಪಿಸಿದ್ದರು. ನಮ್ಮ ಶಾಲಾ ಕಾಲೇಜುಗಳ ಸೂಕ್ಷ್ಮದರ್ಶಕದ ಹೊಟ್ಟೆಯ ಕೆಳಗೆ ಇರುವುದು ಇಂದಿಗೂ ಅದೇ ಬಗೆಯದು, ಅದರ ಹೆಸರೇ ಅಬ್ಬೆ ಕಂಡೆನ್ಸರ್.

ಈ ಎರಡೂ ರಾಬರ್ಟ್ ಕಾಖ್ ಎಂಬ ವೈದ್ಯರ ಕೈಗೆ ಬಂದವು. 1882ರ ಮಾರ್ಚ್ 24ರಂದು ಬರ್ಲಿನ್ನಿನಲ್ಲಿ ಅವರು ಕ್ಷಯರೋಗದ ಕ್ರಿಮಿಯನ್ನು ಕಂಡುಹಿಡಿದ ಸುದ್ದಿ ಹೇಳಿದರು. ಕ್ಷಯ ಅಂದರೆ ವಂಶಪಾರಂಪರ್ಯ, ಗ್ರಹಚಾರ ಎಂದು ಜನ ನಂಬಿದ್ದ ಕಾಲ. ಮಿಲಿಮೀಟರಿನ ಸಾವಿರದ ಎರಡು ಮೂರು ಭಾಗದಷ್ಟು ಉದ್ದದ ಕಡ್ಡಿಯಂಥ ಕ್ರಿಮಿ ಕಣ್ಣಿಗೆ ಕಾಣಿಸಿತು. ತಮ್ಮ ಯಶಸ್ಸಿನಲ್ಲಿ ಝೈಸ್ ಸೂಕ್ಷ್ಮದರ್ಶಕಗಳ ಪಾಲು ದೊಡ್ಡದು ಎಂದು ಕಾಖ್ ಆಮೇಲೆ ಕೃತಜ್ಞತೆಯಿಂದ ಬರೆದರು. ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಕಫ ಪರೀಕ್ಷೆ, ಮಲೇರಿಯಾಕ್ಕೆ ರಕ್ತ ಪರೀಕ್ಷೆ ಮಾಡುವಾಗ ಸ್ಲೈಡಿನ ಮೇಲೆ ಎಣ್ಣೆಯ ಹನಿ ಬಿಡುವುದನ್ನು ಕಂಡಿದ್ದರೆ, ಅದರ ಮೂಲ ಇಲ್ಲಿದೆ. ಈಗ ಹೊಸ ಹೊಸ ಪರೀಕ್ಷೆಗಳು ಬಂದಿವೆ, ಆದರೂ ಆ ಹನಿಗೆ ಇನ್ನೂ ಕೆಲಸ ಉಳಿದಿದೆ.

ಇಲ್ಲೊಂದು ಅಡುಗೆಮನೆಯ ಮಾತು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಕ್ರಿಮಿಗಳನ್ನು ಬೆಳೆಸಲು ಕಾಖ್ ಅವರ ಪ್ರಯೋಗಶಾಲೆಯಲ್ಲಿ ಜೆಲಟಿನ್ ಬಳಸುತ್ತಿದ್ದರು. ಬೇಸಿಗೆ ಬಂದರೆ ಅದು ಕರಗಿ ನೀರು. ಅಲ್ಲಿ ಕೆಲಸ ಮಾಡುತ್ತಿದ್ದ ವಾಲ್ಟರ್ ಹೆಸ್ಸೆ ತಲೆ ಕೆಡಿಸಿಕೊಂಡಿದ್ದಾಗ ಅವರ ಹೆಂಡತಿ ಫ್ಯಾನಿ, ಅಗರ್ ಹಾಕಿ ನೋಡಿ ಎಂದರು. ಬೇಸಿಗೆಯಲ್ಲೂ ಆಕೆ ಮನೆಯಲ್ಲಿ ಮಾಡುವ ಜೆಲ್ಲಿ ಗಟ್ಟಿಯಾಗಿಯೇ ಇರುತ್ತಿತ್ತು, ಜಾವಾದಲ್ಲಿದ್ದು ಬಂದ ನೆರೆಯವರು ಹೇಳಿಕೊಟ್ಟ ಉಪಾಯ. ನಾವು ಪುಡ್ಡಿಂಗಿಗೆ ಹಾಕುವ ಚೈನಾ ಗ್ರಾಸ್ ಇದೆಯಲ್ಲ, ಅದೇ! ಇದು 1881ರ ಮಾತು. ಇಂದಿಗೂ ಪ್ರಪಂಚದ ಪ್ರಯೋಗಶಾಲೆಗಳಲ್ಲಿ ಕ್ರಿಮಿ ಬೆಳೆಸುವುದು ಅಗರ್ ಮೇಲೆಯೇ. ಕಾಖ್ 1882ರಲ್ಲಿ ಅಗರ್ ಹೆಸರೆತ್ತಿದರು, ಫ್ಯಾನಿಯ ಹೆಸರೆತ್ತಲಿಲ್ಲ. ಇರಲಿ.

ಬರ್ಲಿನ್ ಕರೆದರೂ

1870ರ ದಶಕದ ನಡುವಿನಲ್ಲಿ ಝೈಸ್ ಅಬ್ಬೆಯನ್ನು ಪಾಲುದಾರರನ್ನಾಗಿ ಮಾಡಿಕೊಂಡರು. ವಿಶ್ವವಿದ್ಯಾನಿಲಯದ ಹೊರೆ ಇನ್ನು ಹೆಚ್ಚಿಸಿಕೊಳ್ಳಬಾರದು ಎಂಬ ಷರತ್ತು. ಆಮೇಲೆ ಹೆಲ್ಮ್‌ಹೋಲ್ಟ್ಸ್ ಎಂಬ ಮಹಾವಿಜ್ಞಾನಿ ಬರ್ಲಿನ್ನಿಗೆ ಪ್ರಾಧ್ಯಾಪಕರಾಗಿ ಬನ್ನಿ ಎಂದು ಕರೆದರು. ಆ ಕಾಲಕ್ಕೆ ಅದಕ್ಕಿಂತ ದೊಡ್ಡ ಗೌರವ ಇನ್ನೊಂದಿರಲಿಲ್ಲ. ಅಬ್ಬೆ ಬರುವುದಿಲ್ಲ ಎಂದರು. ಯೇನಾದಲ್ಲೇ ಒಂದಿಷ್ಟು ಪಾಠ, ಉಳಿದಂತೆ ಕಾರ್ಖಾನೆ.

ಕಳೆದುಕೊಂಡದ್ದೂ ಉಂಟು. ಅವರಿಗಿದ್ದ ಬುದ್ಧಿಗೆ ಅವರು ಬರೆದು ಪ್ರಕಟಿಸಿದ್ದು ಕಡಿಮೆ. ಲೆಕ್ಕಗಳೆಲ್ಲ ಪುಸ್ತಕವಾಗದೆ ಗಾಜಾದವು. ಆದರೆ ಆ ಗಾಜಿನಲ್ಲಿ ನೋಡಿ ಎಷ್ಟು ಜನ ಪುಸ್ತಕ ಬರೆದರು! ಒಳ್ಳೆಯ ಗಾಜೇ ಸಿಗುತ್ತಿಲ್ಲ ಎಂದಾಗ ಓಟೋ ಶಾಟ್ ಎಂಬ ಯುವಕ ಗಾಜು ತಜ್ಞನನ್ನು ಯೇನಾಕ್ಕೆ ಕರೆಸಿಕೊಂಡು 1884ರಲ್ಲಿ ಗಾಜಿನ ಪ್ರಯೋಗಶಾಲೆಯನ್ನೇ ಕಟ್ಟಿದರು. ಎರಡು ವರ್ಷಕ್ಕೆ, ಬಣ್ಣದ ಅಂಚು ಕಾಣಿಸದಂಥ ಹೊಸ ಮಸೂರಗಳು ಹೊರಬಂದವು. ಇನ್ನೊಂದು ಮಾತು. ತಮ್ಮ ಸೂಕ್ಷ್ಮದರ್ಶಕದ ಸುಧಾರಣೆಗಳಿಗೆ ಪೇಟೆಂಟ್ ಪಡೆಯುವುದು ಅಬ್ಬೆಗೆ ಇಷ್ಟವಿರಲಿಲ್ಲ. ವಿಜ್ಞಾನಕ್ಕೆ ಬೇಕಾದ ಸಾಧನಕ್ಕೆ ಬೇಲಿ ಹಾಕಬಾರದು ಎಂಬ ನಿಲುವು. ಅಂಗಡಿ ಸೇರಿದ ಪಂಡಿತರು ಅಂಗಡಿಯ ಗುಣ ಕಲಿಯಲಿಲ್ಲ ನೋಡಿ!

ಝೈಸ್ 1888ರಲ್ಲಿ ತೀರಿಕೊಂಡರು. ಅಷ್ಟರಲ್ಲಿ ಅಬ್ಬೆ ಶ್ರೀಮಂತರಾಗಿದ್ದರು. ಮನೆಯಲ್ಲಿ ಹೆಂಡತಿ ಎಲ್ಸೆ, ಇಬ್ಬರು ಹೆಣ್ಣುಮಕ್ಕಳು. ಬೇರೆಯವರಾಗಿದ್ದರೆ ಬಂಗಲೆ, ಎಸ್ಟೇಟು ಮಾಡಿಕೊಳ್ಳುತ್ತಿದ್ದರು. ಅಬ್ಬೆ 1889ರಲ್ಲಿ ಒಂದು ಪ್ರತಿಷ್ಠಾನ ಸ್ಥಾಪಿಸಿ, ಅದಕ್ಕೆ ತಮ್ಮ ಹೆಸರಿಡದೆ ಝೈಸ್ ಹೆಸರಿಟ್ಟರು. 1891ರಲ್ಲಿ ಕಾರ್ಖಾನೆಯಲ್ಲಿದ್ದ ತಮ್ಮ ಪಾಲನ್ನೆಲ್ಲ ಅದಕ್ಕೆ ಒಪ್ಪಿಸಿದರು. ಲಾಭ ಹೋಗುವುದು ವಿಶ್ವವಿದ್ಯಾನಿಲಯಕ್ಕೆ, ಊರಿನ ಒಳಿತಿಗೆ, ಕೆಲಸಗಾರರಿಗೆ. 1896ರಲ್ಲಿ ಬರೆದ ನಿಯಮಾವಳಿ ಓದಿದರೆ ಇಂದಿಗೂ ಆಶ್ಚರ್ಯವಾಗುತ್ತದೆ. ಸಂಬಳ ಸಹಿತ ರಜೆ, ವೃದ್ಧಾಪ್ಯಕ್ಕೆ ಪಿಂಚಣಿ, ಕೆಲಸದಿಂದ ತೆಗೆದರೆ ಪರಿಹಾರ, ಜಾತಿ ಮತ ಪಕ್ಷ ನೋಡಿ ಭೇದ ಮಾಡಬಾರದೆಂಬ ಕಟ್ಟಳೆ. ಮೇಲಧಿಕಾರಿಯ ಸಂಬಳ ಕೆಲಸಗಾರರ ಸರಾಸರಿ ಕೂಲಿಯ ಹತ್ತು ಪಟ್ಟು ಮೀರಬಾರದು ಎಂದೂ ಇತ್ತು.

ಇನ್ನು ಕೆಲಸದ ಗಂಟೆ. 14, 16 ಗಂಟೆ ದುಡಿದ ಅಪ್ಪನ ಮಗ 1900ರಲ್ಲಿ ತಮ್ಮ ಕಾರ್ಖಾನೆಯಲ್ಲಿ ದಿನಕ್ಕೆ ಎಂಟೇ ಗಂಟೆ ಕೆಲಸ ಎಂದು ಮಾಡಿದರು. ಒಂಬತ್ತು ಗಂಟೆಯಲ್ಲಿ ಆಗುತ್ತಿದ್ದ ಕೆಲಸ ಎಂಟರಲ್ಲಿ ಆದೀತೇ? ಅಬ್ಬೆ ಇಲ್ಲೂ ಲೆಕ್ಕ ಬಿಡಲಿಲ್ಲ. ಒಂದು ವರ್ಷ ಅಳೆದು ನೋಡಿದರು. ಉತ್ಪಾದನೆ ಕಡಿಮೆಯಾಗುವ ಬದಲು ಸ್ವಲ್ಪ ಹೆಚ್ಚೇ ಆಗಿತ್ತು! ದಣಿದ ಕೈ ನಿಧಾನವಾಗುತ್ತದೆ, ಸೋರಿಹೋಗುವ ಶಕ್ತಿಯನ್ನು ಮಾರನೆಯ ದಿನದೊಳಗೆ ತುಂಬಿಕೊಳ್ಳಲು ಆಗಬೇಕು ಎಂದು ಅವರ ವಾದ. ಬೆಳಗ್ಗೆ ಐದಕ್ಕೆ ಎದ್ದು ರಾತ್ರಿ ಹನ್ನೊಂದಕ್ಕೆ ಅಡುಗೆಮನೆ ದೀಪ ಆರಿಸುವ ನಾವು ಈ ಲೆಕ್ಕವನ್ನು ಮನೆಯ ಗಂಡಸರಿಗೆ ಒಮ್ಮೆ ಓದಿ ಹೇಳಬಹುದು. ಜರ್ಮನಿಯಲ್ಲಿ ಎಂಟು ಗಂಟೆಯ ದುಡಿಮೆ ಎಲ್ಲರಿಗೂ ಕಾನೂನಾದದ್ದು 1918ರಲ್ಲಿ. ನೋಡಲು ಅಬ್ಬೆ ಇರಲಿಲ್ಲ, 1905ರಲ್ಲಿ ತೀರಿಕೊಂಡಿದ್ದರು. ಎರಡು ಮಹಾಯುದ್ಧ, ದೇಶ ಒಡೆದದ್ದು, ಮತ್ತೆ ಕೂಡಿದ್ದು ಎಲ್ಲ ಆದರೂ ಝೈಸ್ ಕಂಪನಿಯ ಒಡೆತನ ಇಂದಿಗೂ ಪ್ರತಿಷ್ಠಾನದ್ದೇ. ನಮ್ಮ ಬೆಂಗಳೂರಿನಲ್ಲೂ ಅದರ ಶಾಖೆ ಇದೆ.

ಈಗಿನ ಹುಡುಗಿಯರಿಗೆ

ಅಬ್ಬೆಯ ಹಾದಿಯಲ್ಲೇ ಇನ್ನೊಬ್ಬರು ಬಂದರು, ಆಗಸ್ಟ್ ಕೋಹ್ಲರ್. ಪ್ರಾಣಿಶಾಸ್ತ್ರದವರು, ಚಿಪ್ಪುಜೀವಿಗಳ ಮೇಲೆ ಡಾಕ್ಟರೇಟ್. ಸೂಕ್ಷ್ಮದರ್ಶಕದಲ್ಲಿ ಫೋಟೋ ತೆಗೆಯುವಾಗ ಒಂದು ಕಡೆ ಬೆಳ್ಳಗೆ, ಒಂದು ಕಡೆ ಕಪ್ಪಗೆ, ದೀಪದ ಜ್ವಾಲೆಯ ಆಕಾರವೇ ಚಿತ್ರದಲ್ಲಿ ಬರುತ್ತಿತ್ತು. 1893ರಲ್ಲಿ ಅದಕ್ಕೆ ಉಪಾಯ ಕಂಡುಕೊಂಡರು. ದೀಪದ ಬಿಂಬ ಸ್ಲೈಡಿನ ಮೇಲೆ ಬೀಳದೆ ಬೆಳಕು ಮಾತ್ರ ಸಮನಾಗಿ ಹರಡುವಂತೆ ಹೊಂದಿಸುವ ಕ್ರಮ ಅದು. ಕೆಲಕಾಲ ಶಾಲಾ ಮೇಷ್ಟರಾಗಿದ್ದು 1900ರಲ್ಲಿ ಝೈಸ್ ಸೇರಿದರು, 1945ರವರೆಗೂ ಅಲ್ಲೇ ಉಳಿದರು. ತನ್ನ ಸ್ಲೈಡಿನ ಕಷ್ಟಕ್ಕೆ ಹುಡುಕಿದ ಪರಿಹಾರವನ್ನು ಪ್ರಪಂಚದವರಿಗೆಲ್ಲ ಹೇಳಿಕೊಡುವುದು, ಇಂದಿನ ಅಪ್ಲಿಕೇಶನ್ ಸೈಂಟಿಸ್ಟಿನ ಕೆಲಸವೂ ಇದೇ ತಾನೇ? ಹೊಸ ವಿದ್ಯಾರ್ಥಿಗಳಿಗೆ ಆಕೆ ಮೊದಲು ಕಲಿಸುವ ಪಾಠಗಳಲ್ಲಿ ಕೋಹ್ಲರ್ ಕ್ರಮವೂ ಒಂದು.

ಉಳಿದದ್ದು ನಿತ್ಯದ ಕಷ್ಟಸುಖ. ಕೊಠಡಿಯ ಪಕ್ಕದ ರಸ್ತೆಯಲ್ಲಿ ಲಾರಿ ಹೋದರೆ ಚಿತ್ರ ನಡುಗುತ್ತದೆ. ಯಾರೋ ಹಳೆಯ ಎಣ್ಣೆ ಒರೆಸದೆ ಬಿಟ್ಟಿರುತ್ತಾರೆ, ಮಸೂರದ ಮೇಲೆ ಅಂಟು ಅಂಟು. ಬಣ್ಣ ಸರಿಯಾಗಿ ಹಿಡಿಯದ ಸ್ಲೈಡ್ ತಂದು ಯಂತ್ರವೇ ಸರಿಯಿಲ್ಲ ಎಂದು ಜಗಳ ತೆಗೆಯುವ ದೊಡ್ಡ ಪ್ರೊಫೆಸರರೂ ಸಿಗುತ್ತಾರೆ. ಅವರಿಗೆ ಬೇಸರವಾಗದಂತೆ, ಆದರೆ ಸತ್ಯ ಮುಚ್ಚಿಡದಂತೆ ಹೇಳಬೇಕು. ಸೊಸೆಯಾಗಿ ಪಳಗಿದವರಿಗೆ ಇದು ಸುಲಭ ಎಂದು ತಮಾಷೆಗೆ ಹೇಳಬಹುದೇನೋ. ಪ್ರಬಂಧಗಳಲ್ಲಿ ಹೆಸರು ಬರುವುದು ಅಪರೂಪ, ಬಂದರೆ ಕೊನೆಯ ಕೃತಜ್ಞತೆಯ ಸಾಲಿನಲ್ಲಿ. ಸ್ವಂತ ಸಂಶೋಧನೆ ನಿಂತಿತು ಎಂಬ ಕೊರಗು ಕೆಲವರಿಗೆ ಕಾಡುತ್ತದೆ, ಅದನ್ನು ಸುಳ್ಳು ಎನ್ನಬೇಡಿ. ಇನ್ನೊಂದು ಕಡೆ, ಎರಡು ವರ್ಷಕ್ಕೊಮ್ಮೆ ಮುಗಿದುಹೋಗುವ ತಾತ್ಕಾಲಿಕ ಹುದ್ದೆಗಳಿಗೆ ಅರ್ಜಿ ಹಾಕುತ್ತಾ ಮೂವತ್ತೈದು ದಾಟುವುದಕ್ಕಿಂತ ತಿಂಗಳ ಸಂಬಳ ನೆಮ್ಮದಿಯಲ್ಲವೇ?

ಹಾಗೆಂದು ಎಲ್ಲ ಕಂಪನಿಯೂ ಅಬ್ಬೆಯ ಕಾರ್ಖಾನೆಯಲ್ಲ. ಮಗಳು ನೇಮಕದ ಪತ್ರ ಹಿಡಿದು ಬಂದಾಗ ಬೀದಿಯವರ ಮಾತು ಬಿಟ್ಟು ನಾಲ್ಕು ವಿಷಯ ಕೇಳಿ. ತಿಂಗಳಿಗೆ ಎಷ್ಟು ದಿನ ಊರೂರು ತಿರುಗಾಟ? ರಾತ್ರಿ ಉಳಿಯುವ ವ್ಯವಸ್ಥೆ, ಖರ್ಚು ಯಾರದು? ಇಷ್ಟು ಯಂತ್ರ ಮಾರಿಸಲೇಬೇಕು ಎಂಬ ಗುರಿ ಅವಳ ತಲೆಯ ಮೇಲೂ ಇದೆಯೇ, ಅಥವಾ ಕಲಿಸುವುದಷ್ಟೇ ಕೆಲಸವೇ? ಹೆರಿಗೆ ರಜೆ ಮುಗಿಸಿ ಬಂದ ಮೇಲೆ ಕೆಲಕಾಲ ತಿರುಗಾಟ ಕಡಿಮೆ ಮಾಡಿಕೊಡುತ್ತಾರೆಯೇ? ಕಂಪನಿಯ ಯಂತ್ರದಲ್ಲಿ ಸಣ್ಣಪುಟ್ಟ ಸ್ವಂತ ಪ್ರಯೋಗ ಮಾಡಲು, ವಿಜ್ಞಾನ ಸಮ್ಮೇಳನಗಳಿಗೆ ಹೋಗಲು ಬಿಡುತ್ತಾರೆಯೇ ಎಂಬುದನ್ನೂ ಸೇರುವ ಮೊದಲೇ ಬರವಣಿಗೆಯಲ್ಲಿ ಕೇಳಿಕೊಳ್ಳಲಿ, ಕೆಲವು ಕಡೆ ಬಿಡುತ್ತಾರೆ.